ಮಾರ್ಚ್ 31ರ ಡಿಪಾಸಿಟ್ಟೂ ಮೊಬೈಲಿನ ಮಾರ್ಕ್ಸ್ ಕಾರ್ಡೂ

ಈಗ ಮೊಬೈಲ್ ಕೊಳ್ಳುವ ಮುಂಚೆ ಅದರ ಮಾರ್ಕ್ಸ್ ಕಾರ್ಡ್ ನೋಡೋದು ರೂಢಿಯಾಗಿಬಿಟ್ಟಿದೆ. ಆನ್‌ಟುಟು ಸ್ಕೋರ್ ಇಷ್ಟು ಲಕ್ಷ, ಗೀಕ್‌ಬೆಂಚ್ ಇಷ್ಟು ಸಾವಿರ, ಎಂಟು ಕೋರ್, ಮೂರು ಚಿಲ್ಲರೆ ಗಿಗಾಹರ್ಟ್ಸ್... ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಇಷ್ಟು ಮರ್ಯಾದೆ ಇರಲಿಲ್ಲ ಬಿಡಿ! ಅಂಗಡಿಯ ಹುಡುಗ ಅದನ್ನೇ ಓದಿ ಹೇಳ್ತಾನೆ, ನಾವು ತಲೆಯಾಡಿಸಿ ಕಾರ್ಡ್ ತೆಗೆದು ಕೊಡ್ತೀವಿ.

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇಂಥ ಅಂಕಿ ಕಂಡ ಕೂಡಲೇ ಒಂದು ಅನುಮಾನ ಹುಟ್ಟುತ್ತೆ. ಮಾರ್ಚ್ 31ರ ಸಂಜೆ ಶಾಖೆಯ ಡಿಪಾಸಿಟ್ ಎಷ್ಟಿತ್ತು ಅನ್ನೋದು ಒಂದು ಲೆಕ್ಕ. ವರ್ಷವಿಡೀ ಸರಾಸರಿ ಎಷ್ಟಿತ್ತು ಅನ್ನೋದು ಬೇರೆಯೇ ಲೆಕ್ಕ. ವರ್ಷದ ಕೊನೇ ದಿನ ಬಂದು ಏಪ್ರಿಲ್ ಮೊದಲ ವಾರ ಹೊರಟುಹೋಗುವ ದುಡ್ಡಿಗೆ ವಿಂಡೋ ಡ್ರೆಸಿಂಗ್ ಅಂತಾರೆ. ಶಾಖೆಯ ಯೋಗ್ಯತೆ ತಿಳಿಯೋದು ಸರಾಸರಿಯಿಂದ. ಮೊಬೈಲಿನ ಪ್ರೊಸೆಸರ್ ವಿಷಯದಲ್ಲೂ ಇದೇ ಮಾತು ಅನ್ನೋದು ನನ್ನ ವಾದ. ಮೊದಲ ನಿಮಿಷದ ವೇಗವಲ್ಲ, ಇಪ್ಪತ್ತನೇ ನಿಮಿಷದ ವೇಗ ಮುಖ್ಯ. ಎಷ್ಟು ಕೆಲಸ ಮಾಡಿತು ಅನ್ನೋದರ ಜೊತೆಗೆ ಎಷ್ಟು ಕರೆಂಟ್ ತಿಂದು ಮಾಡಿತು ಅನ್ನೋದೂ ಮುಖ್ಯ.

ಕಾರಣ ಸರಳವಾಗಿದೆ. ಪ್ರೊಸೆಸರ್ ತಿನ್ನುವ ವಿದ್ಯುತ್ತು ಅದರ ವೇಗದ ಜೊತೆ ಏರುತ್ತೆ, ವೋಲ್ಟೇಜಿನ ವರ್ಗದ ಜೊತೆಯೂ ಏರುತ್ತೆ. ಒಂದು ಮಿತಿ ದಾಟಿದ ಮೇಲೆ ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಲೇಬೇಕು. ವೇಗ 20% ಏರಿಸಲು ವೋಲ್ಟೇಜ್ 10% ಏರಿಸಿದಿರಿ ಅಂತಿಟ್ಟುಕೊಳ್ಳಿ. 1.2ನ್ನು 1.21ರಿಂದ ಗುಣಿಸಿ ನೋಡಿ, ಖರ್ಚು ಸುಮಾರು 45% ಏರಿತು! ಇಪ್ಪತ್ತು ರೂಪಾಯಿ ಲಾಭಕ್ಕೆ ನಲವತ್ತೈದು ರೂಪಾಯಿ ಬಡ್ಡಿ. ಇಂಥ ಸಾಲವನ್ನು ಯಾವ ಮ್ಯಾನೇಜರೂ ಮಂಜೂರು ಮಾಡಲ್ಲ.

ಹಾಗೆ ತಿಂದ ವಿದ್ಯುತ್ತೆಲ್ಲ ಶಾಖವಾಗಿ ಹೊರಗೆ ಬರಬೇಕು. ಲ್ಯಾಪ್‌ಟಾಪಿಗಾದರೆ ಫ್ಯಾನ್ ಇರುತ್ತೆ, ಸಾಮಾನ್ಯ ಮೊಬೈಲಿಗೆ ಎಲ್ಲಿಂದ ಬರಬೇಕು? ಕೆಲವೇ ವಾಟ್ ಶಾಖವನ್ನು ಅದು ಗಾಳಿಗೂ ನಮ್ಮ ಅಂಗೈಗೂ ದಾಟಿಸಬಲ್ಲದು. ಅದಕ್ಕಿಂತ ಹೆಚ್ಚಾದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತೆ. ಬೆಂಚ್‌ಮಾರ್ಕ್ ಪರೀಕ್ಷೆಗಳಲ್ಲಿ ಹೆಚ್ಚಿನವು ಅಷ್ಟರೊಳಗೆ ಮುಗಿದುಹೋಗಿರುತ್ತವೆ.

ಇದು ಬರೀ ಪುಸ್ತಕದ ಮಾತಲ್ಲ. 2015ರಲ್ಲಿ ಕ್ವಾಲ್‌ಕಾಮ್‌ನ ಸ್ನಾಪ್‌ಡ್ರಾಗನ್ 810 ಕಾಗದದ ಮೇಲೆ ಶೂರ, ಆದರೆ ಬಿಸಿಯಾಗುತ್ತೆ ಅಂತ ಹೆಸರು ಕೆಡಿಸಿಕೊಂಡಿತು. ಆ ವರ್ಷ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್6ರಲ್ಲಿ ಅದನ್ನು ಬಿಟ್ಟು ತನ್ನದೇ 14 ನ್ಯಾನೋಮೀಟರ್ ಎಕ್ಸಿನೋಸ್ ಹಾಕಿತು. ಇನ್ನೊಂದು ಉದಾಹರಣೆ ಇನ್ನೂ ಸೊಗಸಾಗಿದೆ. 2021ರ ಕೊನೆಗೆ ಬಂದ ಸ್ನಾಪ್‌ಡ್ರಾಗನ್ 8 ಜೆನ್ 1 ತಯಾರಾಗಿದ್ದು ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ. ಹೆಚ್ಚು ಕಡಿಮೆ ಅದೇ ವಿನ್ಯಾಸವನ್ನು 2022ರ ಮೇ ತಿಂಗಳಲ್ಲಿ ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಿಂದ 8 ಪ್ಲಸ್ ಜೆನ್ 1 ಅಂತ ಹೊರತಂದರು. ವೇಗ 10% ಹೆಚ್ಚು, ವಿದ್ಯುತ್ ಖರ್ಚು 30%ವರೆಗೆ ಕಡಿಮೆ ಅಂತ ಕಂಪನಿಯೇ ಹೇಳಿತು. ಎರಡಕ್ಕೂ ಹಚ್ಚಿದ ಚೀಟಿ ಮಾತ್ರ ‘4 ನ್ಯಾನೋಮೀಟರ್’! ಒಂದೇ ಹಿಟ್ಟು, ಒಂದೇ ಅಳತೆ, ಕಾವಲಿ ಬೇರೆಯಾದರೆ ದೋಸೆಯೇ ಬೇರೆ. ಈಗ ಈ ನ್ಯಾನೋಮೀಟರ್ ಅನ್ನೋದು ಚಿಪ್ಪಿನ ಯಾವ ಭಾಗದ ನಿಜವಾದ ಅಳತೆಯೂ ಅಲ್ಲ, ಮಾರಾಟದ ಹೆಸರು ಅಷ್ಟೇ.

ಇನ್ನು ವಿಂಡೋ ಡ್ರೆಸಿಂಗ್ ಕಥೆ ಕೇಳಿ. 2018ರಲ್ಲಿ ಹುವಾವೇಯ ಕೆಲವು ಫೋನುಗಳು ಪರೀಕ್ಷೆಯ ಆಪ್ ಕಂಡಾಗ ಮಾತ್ರ ಮೈಮುರಿದು ದುಡಿಯುವುದು ಪತ್ತೆಯಾಗಿ, 3ಡಿಮಾರ್ಕ್ ಸಂಸ್ಥೆ ಪಿ20 ಪ್ರೋ ಸೇರಿದಂತೆ ಕೆಲವು ಮಾಡೆಲುಗಳನ್ನು ಪಟ್ಟಿಯಿಂದ ತೆಗೆದುಹಾಕಿತು. 2022ರ ಮಾರ್ಚಿನಲ್ಲಿ ಸ್ಯಾಮ್‌ಸಂಗ್ ಸರದಿ. ಅದರ ಗೇಮ್ ಆಪ್ಟಿಮೈಸಿಂಗ್ ಸರ್ವಿಸ್ ಆಟಗಳ ವೇಗ ತಗ್ಗಿಸುತ್ತಿತ್ತು, ಬೆಂಚ್‌ಮಾರ್ಕ್ ಆಪ್‌ಗಳನ್ನು ಮುಟ್ಟುತ್ತಿರಲಿಲ್ಲ. ಗೀಕ್‌ಬೆಂಚ್‌ನವರು ಎಸ್10ರಿಂದ ಎಸ್22ರವರೆಗಿನ ಎಸ್ ಸರಣಿಯ ಫೋನುಗಳನ್ನು ತಮ್ಮ ಪಟ್ಟಿಯಿಂದ ಕೈಬಿಟ್ಟರು. ಬಿಸಿಯಾಗದಿರಲಿ ಅಂತ ವೇಗ ತಗ್ಗಿಸೋದು ತಪ್ಪಲ್ಲ. ಇನ್‌ಸ್ಪೆಕ್ಷನ್ ದಿನ ಒಂದು ಲೆಡ್ಜರ್, ಉಳಿದ ದಿನ ಇನ್ನೊಂದು ಲೆಡ್ಜರ್ ಅನ್ನೋದು ತಪ್ಪು.

ಹಾಗಂತ ವೇಗವೇ ಬೇಡ ಅಂತಲ್ಲ. ಆಪ್ ತೆರೆಯುವಾಗ, ಮೊಮ್ಮಗು ಓಡಿಹೋಗುವ ಮುಂಚೆ ಫೋಟೋ ಹೊಡೆಯುವಾಗ, ಆ ಒಂದು ಕ್ಷಣದ ಚುರುಕು ಬೇಕೇ ಬೇಕು. ಬೇಗ ಕೆಲಸ ಮುಗಿಸಿ ಬೇಗ ಮಲಗುವ ಚಿಪ್ಪು ಎಷ್ಟೋ ಸಲ ಉಳಿತಾಯವನ್ನೇ ಮಾಡುತ್ತೆ. ದೊಡ್ಡ ಕೋರ್, ಚಿಕ್ಕ ಕೋರ್ ಅಂತ ಎರಡು ಜಾತಿ ಇಟ್ಟು ಕೆಲಸ ಹಂಚುವ ಪದ್ಧತಿಯನ್ನು ಆರ್ಮ್ ಕಂಪನಿ 2011ರಲ್ಲಿ ಪ್ರಕಟಿಸಿದ್ದೂ ಇದಕ್ಕೇ. ಬೆಣ್ಣೆ ತೆಗೆಯೋಕೆ ಗುದ್ದಲಿ ಯಾಕೆ ಅನ್ನೋ ತತ್ವ.

ಅಂದಹಾಗೆ ಈ ಆರ್ಮ್ ಹುಟ್ಟಿದ್ದೇ ಜಿಪುಣತನದಿಂದ. ಇಂಗ್ಲೆಂಡಿನ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಚಿಪ್ಪು 1985ರ ಏಪ್ರಿಲಿನಲ್ಲಿ ಕೈಗೆ ಬಂತು. ದುಬಾರಿ ಸೆರಾಮಿಕ್ ಕವಚ ಬೇಡ, ಅಗ್ಗದ ಪ್ಲಾಸ್ಟಿಕ್ ಕವಚದಲ್ಲೇ ನಡೆಯಬೇಕು, ಆದ್ದರಿಂದ ಬಿಸಿಯಾಗಬಾರದು ಅನ್ನೋದು ಅವರ ಲೆಕ್ಕಾಚಾರ. ಫರ್ಬರ್ ಕರೆಂಟ್ ಅಳೆಯಲು ಹೋದರೆ ಮೀಟರ್ ಸೊನ್ನೆ ತೋರಿಸಿತು. ನೋಡಿದರೆ ಚಿಪ್ಪಿಗೆ ವಿದ್ಯುತ್ ತಂತಿಯೇ ಜೋಡಣೆಯಾಗಿರಲಿಲ್ಲ. ಸುತ್ತಲಿನ ಸಿಗ್ನಲ್ ತಂತಿಗಳಿಂದ ಸೋರಿದ ಕರೆಂಟಿನಲ್ಲೇ ಅದು ಕೆಲಸ ಮಾಡುತ್ತಿತ್ತು! ಇವತ್ತು ನಮ್ಮ ಜೇಬಿನಲ್ಲಿರುವ ಹೆಚ್ಚುಕಡಿಮೆ ಪ್ರತಿಯೊಂದು ಫೋನೂ ಆ ಚಿಪ್ಪಿನ ವಂಶದ್ದೇ.

ಇದೆಲ್ಲ ನಮಗ್ಯಾಕೆ ಅಂತೀರಾ? ಐಫೋನನ್ನು 0ರಿಂದ 35 ಡಿಗ್ರಿ ಉಷ್ಣಾಂಶದಲ್ಲಿ ಬಳಸಿ ಅಂತ ಆಪಲ್ ಹೇಳುತ್ತೆ. ಮೇ ತಿಂಗಳಲ್ಲಿ ದಿಲ್ಲಿ, ನಾಗಪುರ, ಹೈದರಾಬಾದಿನಲ್ಲಿ ಇರುವವರು, ಊರು ಕಲಬುರಗಿಯೋ ರಾಯಚೂರೋ ಆಗಿರುವವರು ಸ್ವಲ್ಪ ನಗಬಹುದು. ನಮ್ಮ ಬಿಸಿಲಿನಲ್ಲಿ ಶಾಖ ಮೊದಲು ತಿನ್ನೋದು ಬ್ಯಾಟರಿಯ ಆಯುಸ್ಸನ್ನು. ಬ್ಯಾಟರಿ ದೊಡ್ಡದಿದೆಯಲ್ಲ ಅನ್ನಬೇಡಿ. ನಲ್ಲಿ ಸೋರುತ್ತಿದ್ದರೆ ತೊಟ್ಟಿ ದೊಡ್ಡದು ಮಾಡಿ ಏನು ಪ್ರಯೋಜನ? ಅದೂ ಅಲ್ಲದೆ ನಮ್ಮಂಥ ಊರು ಬಿಟ್ಟವರ ಮನೆಯಲ್ಲಿ ಹಳೇ ಫೋನು ಕಸಕ್ಕೆ ಹೋಗಲ್ಲ, ಊರಿಗೆ ಹೋಗುತ್ತೆ. ಎಂಬತ್ತರ ಅಮ್ಮ ಅದರಲ್ಲೇ ವಿಡಿಯೋ ಕಾಲ್ ಮಾಡಬೇಕು. ನಾವು ಇವತ್ತು ಅಂಕಪಟ್ಟಿ ನೋಡಿ ಆರಿಸಿದ ಚಿಪ್ಪಿನ ಬಿಸಿ ನಾಲ್ಕು ವರ್ಷದ ಮೇಲೆ ಆಕೆಯ ಕೈಗೆ ತಗಲುತ್ತೆ.

ಫ್ರಿಜ್ಜಿಗೆ, ಏಸಿಗೆ ನಾವು ನಕ್ಷತ್ರ ಎಣಿಸಿ ದುಡ್ಡು ಕೊಡೋದು ಕಲಿತಿದ್ದೀವಿ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಸ್ಮಾರ್ಟ್‌ಫೋನಿಗೂ ಇಂಥ ಚೀಟಿ ಕಡ್ಡಾಯ. ‘ಎ’ಯಿಂದ ‘ಜಿ’ವರೆಗೆ ದಕ್ಷತೆಯ ದರ್ಜೆ, ಒಂದು ಚಾರ್ಜಿಗೆ ಎಷ್ಟು ಗಂಟೆ, ಬ್ಯಾಟರಿ ಎಷ್ಟು ಸಲದ ಚಾರ್ಜ್ ತಾಳುತ್ತೆ, ರಿಪೇರಿ ಎಷ್ಟು ಸುಲಭ, ಎಲ್ಲ ಅದರ ಮೇಲೆ. ನಮ್ಮ ಸರ್ಕಾರವೂ ಇದನ್ನು ತರಬೇಕು, ಜೊತೆಗೆ ಇಪ್ಪತ್ತು ನಿಮಿಷದ ನಂತರದ ವೇಗವನ್ನೂ ಬರೆಸಬೇಕು ಅನ್ನೋದು ನನ್ನ ಆಗ್ರಹ.

ಅಲ್ಲೀವರೆಗೆ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಒಂದು, ಎಂಟು ಕೋರ್ ಸರಿ, ಅವು ಯಾವ ಕೋರ್? ಹೀಲಿಯೋ ಪಿ35ರ ಎಂಟೂ ಕೋರ್ ಕಾರ್ಟೆಕ್ಸ್ ಎ53, ಅಂದರೆ 2012ರಲ್ಲಿ ಪ್ರಕಟವಾದ ಚಿಕ್ಕ ಕೋರ್. 2015ರ ಐಫೋನ್ 6ಎಸ್‌ಗೆ ಇದ್ದದ್ದು ಎರಡೇ ಕೋರ್, ಆದರೂ ಅದು ಇಂಥ ಎಂಟು ಕೋರಿನವಕ್ಕಿಂತ ಚುರುಕು. ಎರಡು, 3ಡಿಮಾರ್ಕ್‌ನ ಇಪ್ಪತ್ತು ಸುತ್ತಿನ ಸ್ಟ್ರೆಸ್ ಟೆಸ್ಟ್‌ನಲ್ಲಿ ಕೊನೇ ಸುತ್ತಿನ ಅಂಕ ಎಷ್ಟು? ಮೂರು, ಅಪ್‌ಡೇಟ್ ಎಷ್ಟು ವರ್ಷ?

ಹುಡುಗನಿಗೆ ಉತ್ತರ ಗೊತ್ತಿಲ್ಲದಿದ್ದರೆ ಗಡಿಬಿಡಿ ಬೇಡ, ಮನೆಗೆ ಬಂದು ಹುಡುಕಿ. ಸಾಲ ಕೊಡುವಾಗ ನಾವು ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಕೇಳ್ತೀವಿ. ನಮ್ಮದೇ ದುಡ್ಡು ಕೊಡುವಾಗ ಇಷ್ಟಾದರೂ ಕೇಳಬಾರದೇ? ಏನಂತೀರಿ?