ಧುಂ ಧುಂ ಅನ್ನೋ ಹುಡುಗ ಪಾಸೋ ಫೇಲೋ?

ಪೇಟೆ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ಯಜಮಾನರೊಬ್ಬರ ಮಗ ಬೇಸ್ ಗಿಟಾರ್ ಕ್ಲಾಸಿಗೆ ಸೇರಿ ಆರು ತಿಂಗಳಾಯಿತು ಅಂದುಕೊಳ್ಳಿ. ಪಕ್ಕದ ಅಂಗಡಿಯವರು ಸುಮ್ಮನಿರುತ್ತಾರೆಯೇ? "ಏನ್ ಯಜಮಾನ್ರೇ, ಮಗ ಗಿಟಾರ್ ಕಲೀತಾ ಇದಾನಂತೆ. ಎಲ್ಲಿ, ಒಂದು ರಾಜ್‌ಕುಮಾರ್ ಹಾಡು ನುಡಿಸ್ಲಿ ನೋಡೋಣ" ಅನ್ನುತ್ತಾರೆ. ಹುಡುಗ ನಾಚಿಕೊಂಡೇ ನುಡಿಸುತ್ತಾನೆ. ಧುಂ ಧುಂ. ಧುಂ ಧುಂ. ಯಾವ ಹಾಡು ಅಂತ ಒಬ್ಬರಿಗೂ ಗೊತ್ತಾಗುವುದಿಲ್ಲ. "ಇದೇನ್ರೀ, ಹಾಡೇ ಇಲ್ವಲ್ಲ!" ಅಂತ ನಗು. ಆ ರಾತ್ರಿ ಮನೆಯಲ್ಲಿ ಪಂಚಾಯ್ತಿ. ಫೀಸು ದಂಡ, ಗಿಟಾರು ಮಾರು, ಬಿ.ಕಾಂ. ಓದು ಎಂದು ತೀರ್ಪು.

ತೀರ್ಪೇನೋ ಆಯಿತು. ಆದರೆ ಕೊಟ್ಟವರಿಗೆ ವಾದ್ಯವೇ ಯಾವುದು ಅಂತ ಗೊತ್ತಿರಲಿಲ್ಲ.

ಬೇಸ್ ಗಿಟಾರ್ ಹಾಡು ನುಡಿಸುವ ವಾದ್ಯವಲ್ಲ, ಸ್ವಾಮಿ. ಹಾಡನ್ನು ಹೊರುವ ವಾದ್ಯ. ನಾಲ್ಕು ದಪ್ಪ ತಂತಿ. ಮಾಮೂಲು ಗಿಟಾರಿನ ಕೆಳಸ್ಥಾಯಿಯ ನಾಲ್ಕು ತಂತಿಗಳಿಗಿಂತ ಇವು ಇನ್ನೂ ಒಂದು ಸ್ಥಾಯಿ ಕೆಳಗೆ. ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಅದುರುತ್ತದೆ. ಮದುವೆ ದಿಬ್ಬಣದ ಬಸ್ಸು ಗಾಜು ಮುಚ್ಚಿಕೊಂಡು ಪಕ್ಕದಲ್ಲಿ ಹಾದುಹೋದಾಗ ಗಾಯಕರ ದನಿ ಕೇಳುವುದಿಲ್ಲ, ಧುಂ ಧುಂ ಮಾತ್ರ ಎದೆಗೆ ಬಂದು ಬಡಿಯುತ್ತದಲ್ಲ, ಆ ಕೆಲಸದಲ್ಲಿ ಅರ್ಧ ಪಾಲು ಬೇಸಿನದು, ಇನ್ನರ್ಧ ಡ್ರಮ್ಮಿನದು. ಇದನ್ನು ಬಿಟ್ಟು "ಹಾಡು ನುಡಿಸು" ಅನ್ನುವುದು, ಅಡಿಪಾಯ ಹಾಕುವ ಗಾರೆಯವನ ಮುಂದೆ ನಿಂತು ಬಣ್ಣ ಎಲ್ಲಯ್ಯಾ ಅಂತ ಕೇಳಿದ ಹಾಗೆ.

ಇನ್ನು ಕೆಲವರು ಮಗನ ಅಭ್ಯಾಸವನ್ನು ಮೊಬೈಲಿನಲ್ಲಿ ವಿಡಿಯೋ ಹಿಡಿದು ನೆಂಟರ ಗುಂಪಿಗೆ ಕಳಿಸುತ್ತಾರೆ. ನೆಂಟರಿಗೆ ಕೇಳುವುದು ಟಕ್ ಟಕ್ ಅಷ್ಟೇ. ಉಗುರಿನಷ್ಟು ಅಗಲದ ಸ್ಪೀಕರಿನಲ್ಲಿ ಆ ಕೆಳಗಿನ ನಾದ ಹೊರಡುವುದೇ ಇಲ್ಲ. "ಸೌಂಡೇ ಬರಲ್ವಲ್ಲಪ್ಪಾ" ಅಂತ ದೂರದೂರಿನ ಸೋದರಮಾವ ಮಾರ್ಕು ಕಡಿಯುತ್ತಾರೆ. ಇಯರ್‌ಫೋನ್ ಹಾಕಿಕೊಂಡು ಕೇಳಿದ್ದರೆ ಹುಡುಗನ ಮಾನ ಉಳಿಯುತ್ತಿತ್ತು.

ಇದೇ ಮನೆಯ ಮಗಳು ಸಂಗೀತದ ಪಾಠಕ್ಕೆ ಹೋಗಿ ಒಂದು ವರ್ಷ ಸರಳೆ, ಜಂಟಿ ಅಂತ ಒಂದನೇ ಕಾಲ ಎರಡನೇ ಕಾಲ ಹಾಡುತ್ತಿದ್ದರೆ ಯಾರೂ ಕೀರ್ತನೆ ಎಲ್ಲಿ ಎಂದು ಕೇಳುವುದಿಲ್ಲ. ಮೃದಂಗದ ಹುಡುಗ ತ ಧಿ ತೋಂ ನಂ ಅಂತ ತಿಂಗಳುಗಟ್ಟಲೆ ಬಾರಿಸಿದರೂ ಪರವಾಗಿಲ್ಲ. ಅದು ಪಾಠದ ಕ್ರಮ ಎಂದು ಊರಿಗೇ ಗೊತ್ತು. ಬೇಸಿಗೆ ಮಾತ್ರ ಮೂರು ತಿಂಗಳಿಗೆ ಫಲ ಬೇಕು! ಇದ್ಯಾವ ನ್ಯಾಯ?

ಹಾಗಾದರೆ ಅಳೆಯುವುದು ಹೇಗೆ? 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ತಯಾರಿಸಿದ ಎಲೆಕ್ಟ್ರಿಕ್ ಬೇಸಿಗೆ 'ಪ್ರಿಸಿಷನ್' ಅಂದರೆ 'ಕರಾರುವಾಕ್ಕು' ಎಂಬ ಹೆಸರು ಬಂದದ್ದು ಸುಮ್ಮನಲ್ಲ. ಅದಕ್ಕೆ ಮುಂಚೆ ಆಳೆತ್ತರದ ಡಬಲ್ ಬೇಸ್ ಹಿಡಿದು ಸ್ವರದ ಜಾಗವನ್ನು ಅಂದಾಜಿನಲ್ಲೇ ಹುಡುಕಬೇಕಿತ್ತು. ಫೆಂಡರ್ ವೀಣೆಯ ಮೆಟ್ಟಿಲಿನ ಹಾಗೆ ಫ್ರೆಟ್ಟುಗಳನ್ನು ಕೂರಿಸಿದ. ತಂತಿಗಳನ್ನು ಶ್ರುತಿ ಮಾಡಿಟ್ಟಿದ್ದರೆ, ಬೆರಳು ಸರಿಯಾದ ಮನೆಯಲ್ಲಿದ್ದರೆ ಸ್ವರ ಬಂದೇ ಬರುತ್ತದೆ. ಆದ್ದರಿಂದ ಆರು ತಿಂಗಳ ಹುಡುಗನಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಸ್ವರವನ್ನಲ್ಲ, ಕಾಲವನ್ನು.

ಇದಕ್ಕೆ ಸಂಗೀತ ಬರಬೇಕೆಂದೇನಿಲ್ಲ, ತಕ್ಕಡಿ ಹಿಡಿದ ಕೈ ಸಾಕು. ಮೊಬೈಲಿನಲ್ಲಿ ಮೆಟ್ರೊನೋಮ್ ಹಾಕಿ ನಿಮಿಷಕ್ಕೆ 60 ಪೆಟ್ಟು ಇಡಿ. ಒಂದೇ ಸ್ವರವನ್ನು ಪೆಟ್ಟಿಗೊಂದರಂತೆ ನುಡಿಸಲಿ. ಸುಲಭ ಅಂತೀರಾ? ವೇಗವಾಗಿ ನುಡಿಸುವುದಕ್ಕಿಂತ ಇದೇ ಕಷ್ಟ. ಎರಡು ಪೆಟ್ಟುಗಳ ನಡುವೆ ಊರಗಲ ಬಯಲು, ಹೊಸಬ ಅಲ್ಲಿ ಓಡಿಬಿಡುತ್ತಾನೆ. ಹುಡುಗ ನುಡಿಸುತ್ತಿರುವಾಗಲೇ ಮೊಬೈಲಿನ ಸದ್ದು ಮಾತ್ರ ಪೂರ್ತಿ ತಗ್ಗಿಸಿ, ಹದಿನಾರು ಎಣಿಸಿ, ಮತ್ತೆ ಏರಿಸಿ. ಹುಡುಗನ ಧುಂ ಮತ್ತು ಮೊಬೈಲಿನ ಟಿಕ್ ಒಟ್ಟಿಗೆ ಬಿದ್ದರೆ ಆರು ತಿಂಗಳ ಫೀಸು ವಸೂಲಾದಂತೆ. ಮೊದಲ ತಿಂಗಳು ನಾಲ್ಕು ಪೆಟ್ಟಿಗೇ ದಾರಿ ತಪ್ಪುತ್ತಿದ್ದವನು ಈಗ ಹದಿನಾರರ ತನಕ ಜೊತೆಯಲ್ಲಿದ್ದಾನೆ ಎಂದರೆ ಅದೇ ಪ್ರಗತಿ. ಮಾತಿನಲ್ಲಿ ಹೇಳಲಾಗದ ಈ ಪ್ರಗತಿಗೆ ರೆಕಾರ್ಡಿಂಗೇ ಸಾಕ್ಷಿ. ತಿಂಗಳಿಗೊಮ್ಮೆ ಅದೇ ಪಾಠ, ಅದೇ ವೇಗದಲ್ಲಿ ರೆಕಾರ್ಡು ಮಾಡಿಟ್ಟರೆ ಲೆಕ್ಕದ ಪುಸ್ತಕ ಇಟ್ಟ ಹಾಗೆ.

ಎರಡನೆಯದು ಮೌನ. ದಪ್ಪ ತಂತಿ ಒಮ್ಮೆ ಮೀಟಿದರೆ ಬಹಳ ಹೊತ್ತು ಗುಂಯ್ ಅನ್ನುತ್ತಲೇ ಇರುತ್ತದೆ. ಒಂದನ್ನು ಮೀಟಿದರೆ ಪಕ್ಕದ್ದೂ ದನಿಗೂಡಿಸುತ್ತದೆ. ಮನೆಯ ಪುಟ್ಟ ಸ್ಪೀಕರಿನಲ್ಲಿ ಅದು ಗೊತ್ತಾಗದು. ಪೆಂಡಾಲಿನ ದೊಡ್ಡ ಬಾಕ್ಸುಗಳಿಗೆ ಹೋಯಿತೋ, ಗಾಯಕರ ಮಾತೆಲ್ಲ ಕೆಸರಾಗುತ್ತದೆ. ಹೀಗಾಗಿ ಎರಡೂ ಕೈಯ ಬಿಡುವಾದ ಬೆರಳುಗಳು ಬೇಡದ ತಂತಿಯ ಬಾಯಿ ಮುಚ್ಚುತ್ತಲೇ ಇರಬೇಕು. ಈ ಕೆಲಸ ಕಣ್ಣಿಗೆ ಕಾಣದು, ಕ್ಲಾಸಿನವರೂ ಅನೇಕರು ಹೇಳಿಕೊಡುವುದಿಲ್ಲ. ಆದರೆ ಹುಡುಗನ ನುಡಿಕೆಯಲ್ಲಿ ಸ್ವರ ಮತ್ತು ಸ್ವರದ ನಡುವೆ ಖಾಲಿ ಜಾಗ ಕೇಳಿಸಲು ಶುರುವಾದರೆ, ಕೈ ಬಂದಿದೆ ಎಂದು ತಿಳಿಯಬಹುದು.

ತಪ್ಪಿದಾಗ ಏನು ಮಾಡುತ್ತಾನೆ ಅನ್ನುವುದನ್ನೂ ನೋಡಬೇಕು. ಮನೆಯಲ್ಲಿ ತಪ್ಪಿದರೆ ಮೊದಲಿನಿಂದ ಶುರು ಮಾಡುವ ಚಟ ಎಲ್ಲರಿಗೂ ಇರುತ್ತದೆ. ಆರ್ಕೆಸ್ಟ್ರಾದಲ್ಲಿ ಹಾಡು ಯಾರಿಗೂ ಕಾಯುವುದಿಲ್ಲ. ಇಲ್ಲಿ ಬಸ್ಸು ತಪ್ಪಿತೋ, ಮುಂದಿನ ಸ್ಟಾಪಿನಲ್ಲಿ ಹತ್ತಿಕೊಳ್ಳಬೇಕು.

ಬೆರಳಿನ ಓಟ, ಹಾಡುಗಳ ಎಣಿಕೆ ಇವನ್ನು ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಅಮೆರಿಕದ ಮೋಟೌನ್ ಕಂಪನಿಯ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಿನಲ್ಲಿ ಮೀಟಿ, ಜಗತ್ತೇ ಕುಣಿದ ಹಾಡುಗಳಿಗೆ ಬೇಸ್ ಕೊಟ್ಟವರು. ಆದರೂ 1960ರ ದಶಕದ ರೆಕಾರ್ಡುಗಳ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. ಬೇಸಿನವರನ್ನು ಗಮನಿಸದಿರುವುದು ನಮ್ಮ ಪೇಟೆ ಬೀದಿಯ ಕಾಯಿಲೆ ಮಾತ್ರವಲ್ಲ ಅಂತಾಯಿತು. ಅನುಮಾನವಿದ್ದವರು 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳಿಗೆ ಇಳಯರಾಜ ಮಾಡಿದ ಹಾಡುಗಳನ್ನು ಇಯರ್‌ಫೋನಿನಲ್ಲಿ, ಗಾಯಕರನ್ನು ಬಿಟ್ಟು ಕೆಳಗಿನ ದನಿಯನ್ನಷ್ಟೇ ಹಿಡಿದು ಕೇಳಲಿ. ಬಸ್ಸಿನಲ್ಲಿ ಕೂತೇ ಆಗುವ ಕೆಲಸ. ಕಲಿಯುವ ಹುಡುಗ ಹೋಟೆಲಿನ ಹಾಡಿಗೆ ಆ ಕೆಳಗಿನ ದನಿಯನ್ನು ತಾನಾಗಿ ಗುನುಗತೊಡಗಿದರೆ, ಗಿಟಾರು ಕೈಯಲ್ಲಿಲ್ಲದಿದ್ದರೂ ಪಾಠ ನಡೆಯುತ್ತಿದೆ.

ಹಾಗಂತ ಯಜಮಾನರ ಸಿಟ್ಟೆಲ್ಲ ಸುಳ್ಳೆಂದಲ್ಲ. ಗಿಟಾರಿನ ಚೀಲ ಕ್ಲಾಸಿನ ದಿನ ಮಾತ್ರ ಗೋಡೆ ಬಿಟ್ಟು ಇಳಿಯುತ್ತಿದ್ದರೆ, ಬೆರಳ ತುದಿ ಇನ್ನೂ ಬೆಣ್ಣೆಯಂತಿದ್ದರೆ, ಬೈಯಲಿ. ಮೊದಲ ವಾರಗಳಲ್ಲಿ ಬೊಬ್ಬೆ ಬಂದು, ಆಮೇಲೆ ಚರ್ಮ ಗಟ್ಟಿಯಾಗಿರಬೇಕು. ದಿನಕ್ಕೆ ಇಪ್ಪತ್ತು ನಿಮಿಷವೂ ಹಿಡಿಯದವನಿಗೆ ಯಾವ ಅಳತೆಗೋಲೂ ಬೇಕಿಲ್ಲ.

ಕೆಲವು ಕ್ಲಾಸಿನವರ ಕೈಚಳಕವನ್ನೂ ಹೇಳಬೇಕು. ತಿಂಗಳಿಗೊಂದು ಹಾಡು ಅಂತ ತಂದೆತಾಯಿಗೆ ಲೆಕ್ಕ ತೋರಿಸುತ್ತಾರೆ. ವಾರ್ಷಿಕೋತ್ಸವದ ದಿನ ಟ್ರ್ಯಾಕ್ ಹಾಕಿ, ಹುಡುಗನ ವಾಲ್ಯೂಮು ತಿರುಚಿ, ಕೋಟು ತೊಡಿಸಿ ನಿಲ್ಲಿಸುತ್ತಾರೆ. ತಾಯಿ ಕಣ್ಣೊರೆಸಿಕೊಳ್ಳುತ್ತಾರೆ, ಮುಂದಿನ ಕಂತು ಕಟ್ಟುತ್ತಾರೆ. ಹುಡುಗನಿಗೆ ಮಾತ್ರ ಗೊತ್ತು, ತಾನು ನುಡಿಸಿದ್ದು ಯಾರಿಗೂ ಕೇಳಲಿಲ್ಲ ಅಂತ. ಇಂಥ ನಾಲ್ಕು ಕೋಟಿಗಿಂತ ಒಬ್ಬ ಡ್ರಮ್ಮಿನ ಹುಡುಗನ ಜೊತೆ ಶೆಡ್ಡಿನಲ್ಲಿ ಕೂತ ನಾಲ್ಕು ಸಂಜೆ ಮೇಲು. ಡ್ರಮ್ಮಿನವನ ಕಾಲಿನ ಪೆಟ್ಟಿಗೆ ತನ್ನ ಬೆರಳು ಅಂಟಿಕೊಂಡಿತೋ ಇಲ್ಲವೋ ಅನ್ನುವುದು ಅಲ್ಲಿ ಮುಚ್ಚಿಡಲಾಗದು.

ಆದರೆ ಆ ಜೋಡಿಗೆ ಜಾಗ ಎಲ್ಲಿದೆ? ಹಬ್ಬದ ರಸಮಂಜರಿಗಳಲ್ಲಿ ಈಗ ಕೀಬೋರ್ಡಿನವರ ಎಡಗೈಯೇ ಬೇಸಿನ ಕೆಲಸವನ್ನೂ ಮುಗಿಸುವುದುಂಟು. ಅದೂ ಇಲ್ಲದ ಕಡೆ ಪೆನ್‌ಡ್ರೈವ್. ಖರ್ಚು ಕಮ್ಮಿ ಅನ್ನುತ್ತಾರೆ ಸಮಿತಿಯವರು, ಅದು ನಿಜವೂ ಹೌದು. ಗಣೇಶೋತ್ಸವದ ಸಮಿತಿಗಳು ದೊಡ್ಡ ಔದಾರ್ಯವೇನೂ ತೋರಿಸಬೇಕಿಲ್ಲ. ಮಂಗಳಾರತಿ ಆದ ಮೇಲೆ, ಬಾಡಿಗೆ ಆರ್ಕೆಸ್ಟ್ರಾ ಶುರುವಾಗುವ ಮೊದಲು, ಬೀದಿಯ ಮಕ್ಕಳಿಗೆ ಎರಡು ಹಾಡಿನಷ್ಟು ಹೊತ್ತು ವೇದಿಕೆ ಬಿಡಲಿ. ಟ್ರ್ಯಾಕ್ ಬೇಡ, ವಾಲ್ಯೂಮು ಮುಟ್ಟುವುದು ಬೇಡ. ಯಜಮಾನರು ಮುಂದಿನ ಸಾಲಿನಲ್ಲಿ ಕೂತು ಕೈಯಲ್ಲಿ ತಾಳ ಹಾಕಿ ನೋಡಲಿ. ಮೈಕ್ ಟೆಸ್ಟಿಂಗಿಗೆ ಹೇಗೂ ಅರ್ಧ ಗಂಟೆ ಹೋಗುತ್ತದೆ.