ಮೀನಿನ ತೊಟ್ಟಿಯ ಉಸಿರು

ಬೇಸಗೆಯಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಪ್ಪಳ ಸಂಡಿಗೆಗಳನ್ನೋ ಕುಡಿಯುವ ನೀರನ್ನೋ ಮಕ್ಕಳ ಬೆವರುಗುಳ್ಳೆಯನ್ನೋ ಕುರಿತವಾಗಿರುತ್ತವೆ. ಈ ಸಲ ಮಡಕಶಿರದ ಸೋದರಿಯೊಬ್ಬರು ಬೇರೊಂದು ಪ್ರಶ್ನೆಯನ್ನು ಕೇಳಿದ್ದಾರೆ. ಮಕ್ಕಳ ಹಟಕ್ಕೆ ಮಣಿದು ಹಿಂದೂಪುರದಿಂದ ಗಾಜಿನ ತೊಟ್ಟಿಯನ್ನೂ ಆರು ಹೊನ್ನಿನ ಬಣ್ಣದ ಮೀನುಗಳನ್ನೂ ತಂದರಂತೆ. ಶಿವರಾತ್ರಿಯವರೆಗೆ ಎಲ್ಲವೂ ಚೆನ್ನಾಗಿದ್ದುವು. ಯುಗಾದಿ ಕಳೆದ ಮೇಲೆ ಒಂದೊಂದಾಗಿ ಸಾಯತೊಡಗಿದುವು. ಸಾಯುವುದೂ ಬೆಳಗಿನ ಜಾವದಲ್ಲಿಯೇ. ನೀರು ಬದಲಾಯಿಸಿದರೂ ನಿಲ್ಲಲಿಲ್ಲ. "ಇದು ಯಾರ ದೃಷ್ಟಿಯೋ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ, ತಾವೇನು ಹೇಳುತ್ತೀರಿ?" ಎಂದು ಪತ್ರ ಮುಗಿದಿದೆ.

ರಾಯದುರ್ಗದಲ್ಲಿ ಕುಳಿತು ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. 2022ರಲ್ಲಿ ಜಿಲ್ಲೆಗಳ ವಿಂಗಡಣೆಯಾಗಿ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ನಾವು ಅನಂತಪುರದಲ್ಲಿಯೇ ಉಳಿದೆವು. ಆದರೆ ಬೇಸಗೆಯನ್ನು ಯಾರೂ ವಿಂಗಡಿಸಲಿಲ್ಲ. ನಮ್ಮ ಮನೆಯಲ್ಲಿಯೂ ಇದೇ ನಡೆದಿತ್ತು.

ಮೂರು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳು. ಎರಡಡಿ ಉದ್ದದ ತೊಟ್ಟಿಯಲ್ಲಿ ಎಂಟು ಮೀನುಗಳಿದ್ದುವು. ರಾತ್ರಿ ಹತ್ತಕ್ಕೆ ಹೋದ ವಿದ್ಯುತ್ತು ಬೆಳಗಾದರೂ ಬಂದಿರಲಿಲ್ಲ. ಐದು ಗಂಟೆಗೆ ಎದ್ದು ನೋಡಿದರೆ ಎಂಟೂ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದುವು. ಎರಡನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗ ನನ್ನ ಪಕ್ಕಕ್ಕೆ ಬಂದು ನಿಂತು, "ತಾತಾ, ಮೀನು ಬಾಯಿ ಬಿಡ್ತಾವೆ, ಹಸಿವಾಗೇತೇನೋ" ಎಂದ. ನನಗೂ ಹಾಗೆಯೇ ತೋರಿತು. ಅವನ ಕೈಯಿಂದಲೇ ಎರಡು ಚಿಟಿಕೆ ಆಹಾರ ಹಾಕಿಸಿದೆ. ಒಂದು ಕಾಳನ್ನೂ ಅವು ಮುಟ್ಟಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಐದು ಮೀನುಗಳು ಸತ್ತಿದ್ದುವು. "ನಾ ಹಾಕಿದ್ದು ಕಡಿಮೆ ಆತೇನು ತಾತಾ?" ಎಂದು ಹುಡುಗ ಕೇಳಿದ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಐದು ಗಂಟೆಯಲ್ಲಿ ನನ್ನ ಕೈಯಲ್ಲಿ ಆಹಾರದ ಡಬ್ಬಿಯ ಬದಲು ಒಂದು ಚೊಂಬು ಇದ್ದಿದ್ದರೆ ಆ ಮೀನುಗಳಲ್ಲಿ ಹೆಚ್ಚಿನವು ಉಳಿಯುತ್ತಿದ್ದುವೆಂಬುದು ತಿಳಿದದ್ದು ಆಮೇಲೆ.

ಮೀನು ಮೇಲಕ್ಕೆ ಬಂದು ಬಾಯಿ ಬಿಡುವುದು, ಅದರಲ್ಲಿಯೂ ನಸುಕಿನಲ್ಲಿ, ಹಸಿವಿನ ಲಕ್ಷಣವಲ್ಲ, ಉಸಿರಿನ ಸಂಕಟ. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕ ಹತ್ತು ಮಿಲಿಗ್ರಾಮಿಗೂ ಕಡಿಮೆ. ಈ ಬಡ ಬಂಡವಾಳವೂ ನೀರು ಬಿಸಿಯಾದಂತೆ ಕರಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.1 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.6, 35 ಡಿಗ್ರಿಯಲ್ಲಿ 6.9. ಈ ಅಂಕಿಗಳು ಸಮುದ್ರಮಟ್ಟದವು. ಐನೂರು ಆರುನೂರು ಮೀಟರ್ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ಗಾಳಿಯ ಒತ್ತಡ ಕಡಿಮೆಯಾದುದರಿಂದ ಇದರಲ್ಲಿ ನೂರಕ್ಕೆ ಆರೇಳು ಪಾಲನ್ನು ಮತ್ತೆ ಕಳೆಯಬೇಕು. ಅತ್ತ ಮೀನಿನ ಅಗತ್ಯವೋ ಏರುತ್ತ ಹೋಗುತ್ತದೆ. ನೀರು ಹತ್ತು ಡಿಗ್ರಿ ಬಿಸಿಯಾದರೆ ಅದರ ದೇಹಕ್ಕೆ ಬೇಕಾದ ಆಮ್ಲಜನಕ ಸುಮಾರು ಇಮ್ಮಡಿಯಾಗುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರದ ಪಾಡು ಅದು.

ನಸುಕಿನಲ್ಲಿಯೇ ಏಕೆ? ತೊಟ್ಟಿಯಲ್ಲಿ ಉಸಿರಾಡುವವು ಮೀನುಗಳು ಮಾತ್ರವಲ್ಲ. ತಿಂದುಳಿದ ಆಹಾರವನ್ನೂ ಮಲವನ್ನೂ ಕೊಳೆಸುವ ಸೂಕ್ಷ್ಮಜೀವಿಗಳಿಗೂ ಆಮ್ಲಜನಕ ಬೇಕು. ಹಸಿರು ಗಿಡಗಳು ಹಗಲಿನಲ್ಲಿ ಅದನ್ನು ಕೊಡುತ್ತವೆ ನಿಜ, ಆದರೆ ಕತ್ತಲಾದ ಮೇಲೆ ಅವೂ ಕೇಳುವ ಪಂಕ್ತಿಗೇ ಸೇರುತ್ತವೆ. ರಾತ್ರಿಯೆಲ್ಲ ಖರ್ಚಾಗಿ ಸೂರ್ಯೋದಯಕ್ಕೆ ಮುಂಚೆ ಭಂಡಾರ ಬರಿದಾಗಿರುತ್ತದೆ. ಕೆರೆಯ ದಂಡೆಯಲ್ಲಿ ಬೆಳೆದವರು ಇದನ್ನು ಕಂಡಿರಬಹುದು. ಬೇಸಗೆಯಲ್ಲಿ ನೀರು ಬತ್ತಿ ಹಸಿರುಗಟ್ಟಿದ ಕೆರೆಯಲ್ಲಿ ಮೀನುಗಳು ಹೀಗೆಯೇ ಬೆಳಗಿನ ಜಾವ ಮೇಲೆದ್ದು ಬಾಯಿ ಬಿಡುತ್ತವೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಗಾಜಿನ ತೊಟ್ಟಿಯಲ್ಲಿ ಗಿಡವನ್ನೂ ಮೀನನ್ನೂ ಒಟ್ಟಿಗೆ ಸಾಕಿ, ಅವು ಪರಸ್ಪರ ಉಸಿರನ್ನು ಒದಗಿಸಿಕೊಳ್ಳುತ್ತವೆಂದು ತೋರಿಸಿದ. ಅಂದಿನಿಂದ, ಗಿಡವೊಂದಿದ್ದರೆ ಸಾಕು ಎಂಬ ನಂಬಿಕೆ ಬೇರೂರಿತು. ಇರುಳಿನ ಲೆಕ್ಕವನ್ನು ಸೇರಿಸಿದರೆ ಅದು ಅರ್ಧ ಸತ್ಯ ಮಾತ್ರ.

ಹಾಗಾದರೆ ತೊಟ್ಟಿಗೆ ಆಮ್ಲಜನಕ ಬರುವ ಹೆಬ್ಬಾಗಿಲು ಯಾವುದು? ನೀರಿನ ಮೇಲ್ಮೈ. ಗಾಳಿಯೂ ನೀರೂ ಮುಟ್ಟುವ ಆ ತೆಳುವಾದ ಗಡಿಯಲ್ಲಿ ಆಮ್ಲಜನಕ ಒಳಗೆ ಬರುತ್ತದೆ, ಇಂಗಾಲದ ಡೈಆಕ್ಸೈಡು ಹೊರಗೆ ಹೋಗುತ್ತದೆ. ಆದರೆ ಬಾಗಿಲಿನಲ್ಲಿ ಬಂದುದು ಒಳಮನೆಗೆ ತಾನಾಗಿ ನಡೆಯಲಾರದು. ನಿಂತ ನೀರಿನಲ್ಲಿ ಆಮ್ಲಜನಕವು ಹರಡುವ ವೇಗ ಗಾಳಿಯಲ್ಲಿನ ವೇಗದ ಹತ್ತು ಸಾವಿರದಲ್ಲೊಂದು ಪಾಲು. ನೀರು ಕಿಂಚಿತ್ತೂ ಅಲುಗದಿದ್ದರೆ ಅದು ಒಂದಡಿ ಆಳಕ್ಕೆ ಇಳಿಯಲು ತಿಂಗಳುಗಳೇ ಬೇಕು! ಆದುದರಿಂದ ನಾವು ಮಾಡಬೇಕಾದ ಕೆಲಸ ಒಂದೇ: ತಳದ ನೀರನ್ನು ಮೇಲಕ್ಕೆ ತರುವುದು, ಮೇಲಿನದನ್ನು ತಳಕ್ಕೆ ಕಳುಹಿಸುವುದು, ಮೇಲ್ಮೈಯನ್ನು ಕಲಕುತ್ತಿರುವುದು. ಪಂಪು, ಕೊಳವೆ, ಗುಳ್ಳೆಕಲ್ಲುಗಳೆಲ್ಲ ಈ ಒಂದು ಕೆಲಸದ ಆಳುಗಳು.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆದ ಮೇಲೆ ಅದನ್ನು ನೋಡಿ ಬಂದ ನಮ್ಮ ಕಡೆಯ ಅನೇಕರು ಮೀನುಗಳಷ್ಟೇ ಬೆರಗಿನಿಂದ ಗುಳ್ಳೆಗಳನ್ನೂ ವರ್ಣಿಸುತ್ತಿದ್ದರು. ಗುಳ್ಳೆಯೊಳಗಿನ ಗಾಳಿಯನ್ನೇ ಮೀನು ಉಸಿರಾಡುತ್ತದೆಂಬ ಭಾವನೆ ಇಂದಿಗೂ ಇದೆ. ಅಡಿಯಿಂದ ಹೊರಟ ಗುಳ್ಳೆಯು ಒಂದಡಿ ನೀರನ್ನು ದಾಟಲು ತೆಗೆದುಕೊಳ್ಳುವ ಸಮಯ ಒಂದೆರಡು ಸೆಕೆಂಡು. ಅಷ್ಟರಲ್ಲಿ ಅದು ಬಿಟ್ಟುಕೊಡುವ ಆಮ್ಲಜನಕ ಅಲ್ಪ. ಅದರ ನಿಜವಾದ ಉಪಕಾರವೆಂದರೆ ಏರುವಾಗ ತಳದ ನೀರನ್ನು ಜೊತೆಗೆ ಎಳೆದೊಯ್ಯುವುದು ಮತ್ತು ಮೇಲೆ ಒಡೆದು ಅಲೆಯೆಬ್ಬಿಸುವುದು. ಇದನ್ನು ತಿಳಿದರೆ ಗುಳ್ಳೆಕಲ್ಲನ್ನು ಮಧ್ಯದಲ್ಲೆಲ್ಲೋ ಎತ್ತರದಲ್ಲಿ ತೂಗುಹಾಕದೆ ತಳದಲ್ಲಿ, ಒಂದು ಗಿಡ್ಡ ಗೋಡೆಯ ಬದಿಗೆ ಇಡುತ್ತೇವೆ. ಆಗ ನೀರು ಒಂದು ಬದಿಯಲ್ಲಿ ಏರಿ, ಮೇಲೆ ಉದ್ದಕ್ಕೂ ಹರಿದು, ಎದುರು ಬದಿಯಲ್ಲಿ ಇಳಿದು, ತಳದಲ್ಲಿ ಹಿಂದಿರುಗುತ್ತದೆ. ಗಾಳಿಯಿಂದಲೇ ನಡೆಯುವ ಸ್ಪಂಜಿನ ಫಿಲ್ಟರು ಇದೇ ಕೆಲಸವನ್ನು ಮಾಡುತ್ತ ಕೊಳೆಯನ್ನೂ ಹಿಡಿಯುವುದರಿಂದ ನಮ್ಮಂಥ ಮನೆಗಳಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮೋಟಾರಿನ ಫಿಲ್ಟರು ಇದ್ದವರು ಅದರ ಬಾಯನ್ನು ನೀರಿನ ಮಟ್ಟಕ್ಕೆ ತಿರುಗಿಸಿ, ಮೇಲ್ಮೈ ಸದಾ ನಡುಗುತ್ತಿರುವಂತೆ ಮಾಡಿದರೆ ಸಾಕು.

ನೀರು ಎಲ್ಲೆಡೆ ಸುತ್ತುತ್ತಿದೆಯೇ ಎಂಬುದನ್ನು ಕೊಳೆಯೇ ಹೇಳುತ್ತದೆ. ಒಂದು ಮೂಲೆಯಲ್ಲಿ, ಅಥವಾ ಅಲಂಕಾರಕ್ಕಿಟ್ಟ ಕಲ್ಲಿನ ಹಿಂದೆ, ಕಸ ಕುಳಿತಿದ್ದರೆ ಅಲ್ಲಿ ನೀರು ಸತ್ತಿದೆಯೆಂದು ತಿಳಿಯಬೇಕು. ಕಲ್ಲನ್ನು ಸರಿಸಿ, ಅಥವಾ ತೆಗೆದೇ ಹಾಕಿ. ಮಕ್ಕಳು ಇಟ್ಟ ಪ್ಲಾಸ್ಟಿಕ್ಕಿನ ಕೋಟೆಯನ್ನು ತೆಗೆಯಲು ನಮ್ಮ ಮನೆಯಲ್ಲಿ ಒಂದು ವಾರದ ಸಂಧಾನ ಬೇಕಾಯಿತು. ಹಾಗೆಂದು ನೀರನ್ನು ಹೊಳೆಯಂತೆ ಹರಿಸಬೇಕಾಗಿಲ್ಲ. ಉದ್ದ ಬಾಲದ ಮೀನುಗಳು ಪ್ರವಾಹದಲ್ಲಿ ಬಳಲುತ್ತವೆ.

ಮೇಲ್ಮೈಯೇ ಬಾಗಿಲಾದ ಮೇಲೆ ಬಾಗಿಲಿನ ಅಳತೆಯನ್ನೂ ನೋಡಬೇಕು. ಅಂಗಡಿಯಲ್ಲಿ ಅಂದವಾಗಿ ಕಾಣುವ ಗುಂಡು ಗಾಜಿನ ಬಟ್ಟಲನ್ನು ಕುತ್ತಿಗೆಯವರೆಗೆ ತುಂಬುವುದು ಮೀನಿಗೆ ಮಾಡುವ ದ್ರೋಹವೇ ಸರಿ. ಹೊಟ್ಟೆಯಲ್ಲಿ 30 ಸೆಂಟಿಮೀಟರ್, ಬಾಯಿಯಲ್ಲಿ 15 ಸೆಂಟಿಮೀಟರ್ ಅಗಲವಿರುವ ಬಟ್ಟಲನ್ನು ತೆಗೆದುಕೊಳ್ಳಿ. ಬಾಯಿಯವರೆಗೆ ತುಂಬಿದರೆ ಮೇಲ್ಮೈ ಸುಮಾರು 177 ಚದರ ಸೆಂಟಿಮೀಟರ್. ಅರ್ಧಕ್ಕೆ ನಿಲ್ಲಿಸಿದರೆ 707. ನೀರು ಅರ್ಧವಾಯಿತು, ಉಸಿರಿನ ದಾರಿ ನಾಲ್ಕು ಪಟ್ಟಾಯಿತು. ಹೊನ್ನಿನ ಮೀನುಗಳನ್ನು ಮೊದಲು ಸಾಕಿದ ಚೀನೀಯರು ಗಾಜನ್ನು ನೆಚ್ಚದೆ ಅಗಲ ಬಾಯಿಯ ಮಣ್ಣಿನ ಬಾನಿಗಳಲ್ಲಿ ಅವನ್ನು ಶತಮಾನಗಳ ಕಾಲ ಉಳಿಸಿಕೊಂಡು ಬಂದರು. ಹಳೆಯ ಸಾಕಣೆಗಾರರ ಲೆಕ್ಕದಂತೆ ಈ ಜಾತಿಯ ಮೀನಿಗೆ, ಬಾಲವನ್ನು ಬಿಟ್ಟು, ಒಂದು ಸೆಂಟಿಮೀಟರ್ ಉದ್ದಕ್ಕೆ ಸುಮಾರು 75 ಚದರ ಸೆಂಟಿಮೀಟರ್ ಮೇಲ್ಮೈ ಬೇಕು. ಎರಡಡಿ ಉದ್ದ ಒಂದಡಿ ಅಗಲದ ತೊಟ್ಟಿಯ ಮೇಲ್ಮೈ 1,800. ಎಂದರೆ ಆರು ಸೆಂಟಿಮೀಟರಿನ ನಾಲ್ಕು ಮೀನುಗಳು. ನಾನು ಎಂಟನ್ನು ತುಂಬಿದ್ದೆ. ಪಂಪು ನಡೆಯುತ್ತಿದ್ದಷ್ಟು ಕಾಲ ನನ್ನ ತಪ್ಪನ್ನು ಅದು ಮುಚ್ಚಿಟ್ಟಿತ್ತು. ವಿದ್ಯುತ್ತು ಹೋದ ರಾತ್ರಿ ಹೊರಬಿತ್ತು.

ಅಡಿಗೆಮನೆಗೆ ಹತ್ತಿರವಿರುವ ತೊಟ್ಟಿಯ ಮೇಲೆ ಒಗ್ಗರಣೆಯ ಹೊಗೆಯಿಂದ ಎಣ್ಣೆಯ ತೆಳು ಪೊರೆ ಕಟ್ಟುವುದುಂಟು. ಇದು ಬಾಗಿಲಿಗೆ ಹಾಕಿದ ಅಗುಳಿ. ಮಸಿ ಬಿಡದ ಬಿಳಿಯ ಕಾಗದವೊಂದನ್ನು ನೀರಿನ ಮೇಲೆ ಹಾಸಿ ಮೆಲ್ಲನೆ ಎಳೆದು ತೆಗೆದರೆ ಪೊರೆ ಅದಕ್ಕೆ ಅಂಟಿಕೊಂಡು ಬರುತ್ತದೆ. ಹಲ್ಲಿ ಬೀಳುತ್ತದೆಂದು ಗಾಜನ್ನು ಬಿಗಿಯಾಗಿ ಮುಚ್ಚುವವರು ಅದರ ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಕಟ್ಟುವುದು ಮೇಲು.

ಇನ್ನು ನಮ್ಮ ನೀರಿನ ಮಾತು. ಮಡಕಶಿರದ ಸೋದರಿಯವರು ನೀರು ಬದಲಾಯಿಸಿದರೂ ಸಾವು ನಿಲ್ಲಲಿಲ್ಲವೆಂದು ಬರೆದಿದ್ದಾರೆ. ಆ ನೀರು ಕೊಳವೆಬಾವಿಯದಾಗಿದ್ದರೆ ಕಾರಣ ಅಲ್ಲಿಯೇ ಇರಬಹುದು. ನೂರಾರು ಅಡಿ ಆಳದ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ಗಾಳಿಯನ್ನೇ ಕಾಣದ ನೀರಿನಲ್ಲಿ ಆಮ್ಲಜನಕ ಸಾಮಾನ್ಯವಾಗಿ ತೀರ ಕಡಿಮೆ, ಇಂಗಾಲದ ಡೈಆಕ್ಸೈಡು ಹೆಚ್ಚು. ಕಣ್ಣಿಗೆ ಸ್ಫಟಿಕದಂತೆ ಕಂಡರೂ ಮೀನಿಗೆ ಅದು ಉಸಿರಿಲ್ಲದ ನೀರು. ಅದನ್ನು ಅಗಲವಾದ ಬಾನಿಗೆ ಎತ್ತರದಿಂದ ಸುರಿದು, ಆಗಾಗ ಕಲಕಿ, ಒಂದು ದಿನ ತೆರೆದಿಟ್ಟು ಬಳಸಬೇಕು. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವಾಗ ಏಳುವ ನೊರೆ ಗಾಳಿ ಬೆರೆತುದರ ಗುರುತಲ್ಲವೇ? ಇದೂ ಅದೇ ಕ್ರಮ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿಯ ನೀರಿಗೂ ಈ ಒಂದು ದಿನದ ವಿರಾಮ ಬೇಕು, ಕ್ಲೋರಿನ್ ಹಾರಿಹೋಗುತ್ತದೆ. ಒಮ್ಮೆಗೆ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಬದಲಿಸದಿರುವುದು ಕ್ಷೇಮ.

ಬಿಸಿಲಿನ ತಿಂಗಳುಗಳಲ್ಲಿ ತೊಟ್ಟಿಯ ಮೇಲೆ ಫ್ಯಾನಿನ ಗಾಳಿ ಬೀಸುವಂತಿದ್ದರೆ ನೀರು ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ನಮ್ಮ ಒಣಹವೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಈ ಆವಿಯ ಗುಣದಿಂದಲೇ. ಆವಿಯಾಗಿ ಹೋದಷ್ಟನ್ನು ಶುದ್ಧನೀರಿನ ಘಟಕದಿಂದ ತಂದ ಕ್ಯಾನಿನ ನೀರಿನಿಂದ ತುಂಬಿ. ಗಡಸು ನೀರನ್ನೇ ಮತ್ತೆ ಮತ್ತೆ ಸುರಿದರೆ ಲವಣಾಂಶ ಏರುತ್ತ ಹೋಗುತ್ತದೆ.

ವಿದ್ಯುತ್ತು ಹೋದ ರಾತ್ರಿ ಏನು ಮಾಡಬೇಕು? ಮೊದಲನೆಯದಾಗಿ ಆಹಾರವನ್ನು ನಿಲ್ಲಿಸಿ. ಆರೋಗ್ಯವಾದ ದೊಡ್ಡ ಮೀನು ಎರಡು ಮೂರು ದಿನ ಉಪವಾಸವಿದ್ದರೂ ಕೆಡುವುದಿಲ್ಲ, ತಿಂದುದನ್ನು ಅರಗಿಸಲು ಮಾತ್ರ ಅದಕ್ಕೆ ಹೆಚ್ಚು ಆಮ್ಲಜನಕ ಬೇಕು. ಆಮೇಲೆ ಚೊಂಬನ್ನು ತೆಗೆದುಕೊಳ್ಳಿ. ತೊಟ್ಟಿಯ ಅಡಿಭಾಗದಿಂದ ನೀರನ್ನು ಮೊಗೆದು ಒಂದು ಗೇಣು ಎತ್ತರದಿಂದ ಮೆಲ್ಲಗೆ ಸುರಿಯಿರಿ. ಇಪ್ಪತ್ತು ಚೊಂಬು ಹೊಯ್ದು, ಅರ್ಧ ಗಂಟೆಯ ನಂತರ ಮತ್ತೆ ಹಾಗೆಯೇ. ಕೆರೆ ಕೋಡಿ ಬಿದ್ದಾಗ ಧುಮುಕುವ ನೀರು ಗಾಳಿಯನ್ನು ಕಲಸಿಕೊಳ್ಳುವಂತೆ ಇಲ್ಲಿಯೂ ಆಗುತ್ತದೆ. ರಾತ್ರಿಯೆಲ್ಲ ಎಚ್ಚರವಿರಲಾಗದವರು ಶಿವಲಿಂಗದ ಮೇಲಿನ ಧಾರಾಪಾತ್ರೆಯನ್ನು ನೆನೆಯಬಹುದು: ತಳದಲ್ಲಿ ಸಣ್ಣ ರಂಧ್ರವಿರುವ ಬಕೆಟ್ಟಿನಲ್ಲಿ ತೊಟ್ಟಿಯ ನೀರನ್ನೇ ತುಂಬಿ ಮೇಲೆ ತೂಗುಹಾಕಿದರೆ ಅದು ಹನಿಹನಿಯಾಗಿ ಬೀಳುತ್ತ ಮೇಲ್ಮೈಯನ್ನು ಕಲಕುತ್ತಿರುತ್ತದೆ. ಇನ್ವರ್ಟರ್ ಇದ್ದವರಿಗೆ ಚಿಂತೆಯಿಲ್ಲ. ಗಾಳಿಯ ಸಣ್ಣ ಪಂಪು ಕೇಳುವುದು ಎರಡರಿಂದ ಐದು ವಾಟ್ ಮಾತ್ರ. ಹಳೆಯ ಸೀಲಿಂಗ್ ಫ್ಯಾನು 75 ವಾಟ್ ತಿನ್ನುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆಯೇ ಇಡಿ. ಕೆಳಗಿಟ್ಟರೆ ವಿದ್ಯುತ್ತು ನಿಂತ ಕ್ಷಣ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪೂ ಕೆಡುತ್ತದೆ, ನೆಲವೂ ಒದ್ದೆಯಾಗುತ್ತದೆ. ಮುಚ್ಚಿದ ಪೆಟ್ಟಿಗೆಯಂಥ ಫಿಲ್ಟರು ಉಳ್ಳವರು ಹಲವು ಗಂಟೆಗಳ ನಂತರ ವಿದ್ಯುತ್ತು ಬಂದಾಗ ಅದನ್ನು ತಕ್ಷಣ ನಡೆಸಬಾರದು. ಒಳಗಿನ ಉಪಕಾರಿ ಜೀವಾಣುಗಳು ಉಸಿರಿಲ್ಲದೆ ಸತ್ತು ನೀರು ಕೊಳೆತಿರುತ್ತದೆ. ಆ ನೀರನ್ನು ಚೆಲ್ಲಿ, ಒಳಗಿನ ಸ್ಪಂಜನ್ನು ತೊಟ್ಟಿಯಿಂದ ಮೊಗೆದ ನೀರಿನಲ್ಲಿಯೇ ಜಾಲಾಡಿ, ನಂತರ ಹಚ್ಚಬೇಕು.

ಇಷ್ಟೆಲ್ಲ ತಮ್ಮಿಂದಾಗದೆನ್ನುವವರು ಬಳ್ಳಾರಿಗೋ ಹಿಂದೂಪುರಕ್ಕೋ ಹೋದಾಗ ಗುರಾಮಿಯನ್ನೋ ಫೈಟರ್ ಮೀನನ್ನೋ ಕೇಳಿ ತರಬಹುದು. ಇವುಗಳ ತಲೆಯಲ್ಲಿ ಕಿವಿರುಗಳ ಮೇಲ್ಗಡೆ ಗಾಳಿಯನ್ನೇ ನೇರವಾಗಿ ಉಪಯೋಗಿಸಿಕೊಳ್ಳುವ ಒಂದು ಅಂಗವಿದೆ. ಇವು ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗುವುದು ಸಹಜ ಸ್ವಭಾವ, ಅದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಆದರೆ ಎರಡು ಗಂಡು ಫೈಟರ್ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಬಿಡಬೇಡಿ. ಹೆಸರಿಗೆ ತಕ್ಕಂತೆ ಕಾದಾಡಿ ಸಾಯುತ್ತವೆ.

ನಮ್ಮ ತೊಟ್ಟಿಯಲ್ಲಿ ಈಗ ನಾಲ್ಕು ಮೀನುಗಳಿವೆ. ಮೂರು ಆ ರಾತ್ರಿ ಉಳಿದವು, ಒಂದು ಆಮೇಲೆ ತಂದುದು. ಪಕ್ಕದಲ್ಲಿ ಒಂದು ಹಿತ್ತಾಳೆಯ ಚೊಂಬನ್ನು ಇಟ್ಟಿದ್ದೆ. ತಾಮ್ರ ಹಿತ್ತಾಳೆಗಳ ಅಂಶ ನೀರಿಗಿಳಿದರೆ ಮೀನಿಗೆ ವಿಷವೆಂದು ಓದಿದ ಮೇಲೆ ಅದನ್ನು ದೇವರಮನೆಗೆ ಹಿಂದಿರುಗಿಸಿ ಸ್ಟೀಲಿನದನ್ನು ಇಟ್ಟೆ. ಐದನೆಯ ತರಗತಿಗೆ ಬಂದಿರುವ ಮೊಮ್ಮಗ, ದೀಪ ಆರಿದೊಡನೆ, ಯಾರೂ ಹೇಳದೆಯೇ ಅದನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಅಂದು ಅವನು ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳಿದ್ದೇನೆ: ನೀನು ಹಾಕಿದ್ದು ಕಡಿಮೆಯಾಗಿರಲಿಲ್ಲ, ತಾತನಿಗೆ ಗೊತ್ತಿರಲಿಲ್ಲ ಎಂದು. ಮಡಕಶಿರದ ಸೋದರಿಯವರು ತಮ್ಮ ತೊಟ್ಟಿಯ ಉದ್ದಗಲಗಳನ್ನೂ ನೀರಿನ ಮೂಲವನ್ನೂ ತಿಳಿಸಿ ಬರೆದರೆ ಎಷ್ಟು ಮೀನು ತರಬಹುದೆಂಬುದನ್ನು ಮುಂದಿನ ಸಂಚಿಕೆಯಲ್ಲಿ ಲೆಕ್ಕ ಹಾಕಿ ತಿಳಿಸುತ್ತೇನೆ.