ಮೊದಲು ತಪ್ಪು ತಿಳಿಯಲಿ, ಸಾಧನ ಆಮೇಲೆ

ಬೆಳಗಾವಿಯ ಎಷ್ಟೋ ಮಕ್ಕಳಿಗೆ ಗಾಲ್ಫ್ ಮೈದಾನ ನೆನಪಿರುವುದು ಆಟದಿಂದಲ್ಲ, ಚಿರತೆಯಿಂದ! 2022ರ ಆಗಸ್ಟ್‌ನಲ್ಲಿ ಅಲ್ಲಿ ಚಿರತೆ ಅಡಗಿದ್ದಾಗ ಸುತ್ತಲಿನ ಶಾಲೆಗಳಿಗೆ ರಜೆ ಸಿಕ್ಕಿತು. ಹುಡುಕಾಟಕ್ಕೆ ಸಕ್ರೆಬೈಲಿನಿಂದ ಆನೆಗಳೇ ಬಂದವು. ಅದಕ್ಕೂ ಒಂದು ವರ್ಷ ಮೊದಲು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಪದಕ ಕಳೆದುಕೊಂಡು ನಾಲ್ಕನೆಯವರಾದರು. ಅದನ್ನು ಕಂಡ ಮಕ್ಕಳಿಗೆ ಕೈಗೆ ಕ್ಲಬ್ ಹಿಡಿಯುವ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಖಾನಾಪುರ ರಸ್ತೆಯ ಪೀರನವಾಡಿಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳಿ. ತಂದೆ ಉದ್ಯಮಬಾಗದ ಕಾರ್ಖಾನೆಯಲ್ಲಿ ಟರ್ನರ್. ಮಗಳು ಹೊಡೆದ ಚೆಂಡು ಪ್ರತಿಸಲವೂ ಬಲಕ್ಕೆ ಬಾಗುತ್ತದೆ. ಮೊಬೈಲ್ ತೆರೆದರೆ ಸ್ವಿಂಗ್ ಸರಿಪಡಿಸುವ ಸಾಧನಗಳ ಜಾಹೀರಾತು; ಬೆಲೆ ಸಾವಿರಗಳಲ್ಲಿ. "ಅಪ್ಪಾ, ಇದೊಂದು ಕೊಡಸು" ಎಂದು ಮಗಳ ಹಟ. ಕೊಡಿಸಬೇಕೆ?

ತಂದೆ ತನ್ನ ಕಸುಬನ್ನೇ ನೆನೆದರೆ ಉತ್ತರ ಸಿಗುತ್ತದೆ. ಜಾಬ್ ಅಳೆಯದೆ ಯಾವ ಟರ್ನರನೂ ಲೇಥಿಗೆ ಟೂಲ್ ಕಟ್ಟುವುದಿಲ್ಲ. ಚೆಂಡು ಬಾಗುವುದು ರೋಗವಲ್ಲ, ಬರೀ ಲಕ್ಷಣ. ಕ್ಲಬ್ ಬೀಸಿದ ದಾರಿಗೆ ಹೋಲಿಸಿದರೆ ಅದರ ಮುಖ ಬಲಕ್ಕೆ ತೆರೆದಿದೆ ಎಂದಷ್ಟೇ ಅದರ ಅರ್ಥ. ಕಾರಣ ಹಿಡಿತದಲ್ಲಿರಬಹುದು, ನಿಂತ ದಿಕ್ಕಿನಲ್ಲಿರಬಹುದು, ಮೈಯಿಂದ ದೂರ ಸರಿದ ತೋಳಿನಲ್ಲಿರಬಹುದು. ಒಂದೊಂದಕ್ಕೆ ಒಂದೊಂದು ಮದ್ದು.

ಆದ್ದರಿಂದ ಮೊದಲ ಸಾಧನ ಮನೆಯಲ್ಲಿರುವ ಮೊಬೈಲೇ. ಒಮ್ಮೆ ಎದುರಿನಿಂದ, ಒಮ್ಮೆ ಚೆಂಡು ಹೋಗುವ ದಿಕ್ಕಿಗೆ ನೇರ ಹಿಂದಿನಿಂದ ನಿಧಾನಗತಿಯಲ್ಲಿ ಚಿತ್ರಿಸಿ ತರಬೇತುದಾರರಿಗೆ ತೋರಿಸಬೇಕು. ತಪ್ಪು ಗೊತ್ತಾದರೆ ಮದ್ದು ಹೆಚ್ಚಾಗಿ ಅಗ್ಗದ್ದೇ ಆಗಿರುತ್ತದೆ.

ನಿಲ್ಲುವ ದಿಕ್ಕು ತಪ್ಪಿದ್ದರೆ ಎರಡು ನೇರ ಕೋಲು ಸಾಕು. ಒಂದನ್ನು ಚೆಂಡಿನ ಪಕ್ಕದಲ್ಲಿ ಗುರಿಯತ್ತ, ಇನ್ನೊಂದನ್ನು ಅದಕ್ಕೆ ಸಮಾನಾಂತರವಾಗಿ ಪಾದಗಳ ಮುಂದೆ ಇಡಬೇಕು. ತೋಳು ಮೈಬಿಟ್ಟು ಹೋಗುತ್ತಿದ್ದರೆ ಎದೆಗೆ ಅಡ್ಡವಾಗಿ ಎರಡೂ ಕಂಕುಳಲ್ಲಿ ಒಂದು ಟವೆಲ್ ಅವುಚಿಕೊಂಡು ಅರ್ಧ ಸ್ವಿಂಗ್ ಮಾಡಬೇಕು. ಟವೆಲ್ ಬಿದ್ದರೆ ತಪ್ಪಾಯಿತೆಂದೇ ಲೆಕ್ಕ. ಚೆಂಡಿಗಿಂತ ಮೊದಲೇ ನೆಲಕ್ಕೆ ಹೊಡೆಯುವವರು ಸುಣ್ಣದ ಗೆರೆ ಎಳೆದು, ಐರನ್ ಕ್ಲಬ್ ಗೆರೆಯ ಹಿಂದೆ ನೆಲ ತಾಗದಂತೆ ಬೀಸಿ ಕಲಿಯಬಹುದು.

ಪಾಲಕರು ಎಚ್ಚರ ವಹಿಸಬೇಕಾದದ್ದು ಭಾರದ ಕ್ಲಬ್‌ಗಳ ವಿಷಯದಲ್ಲಿ. ಬೆಳೆಯುವ ಮಕ್ಕಳ ಮಣಿಕಟ್ಟು, ಬೆನ್ನಿಗೆ ಅವು ಪೆಟ್ಟು ಮಾಡಬಲ್ಲವು. ದೊಡ್ಡವರ ಉದ್ದದ ಕ್ಲಬ್ ಕೊಟ್ಟರೂ ಸ್ವಿಂಗ್ ಕೆಡುತ್ತದೆ. ಎತ್ತರಕ್ಕೆ ತಕ್ಕ ಕ್ಲಬ್ಬೇ ಮೇಲು. ಓಣಿಯಲ್ಲಿ ಅಭ್ಯಾಸವಾದರೆ ಗಟ್ಟಿ ಚೆಂಡು ಬೇಡ, ಟೊಳ್ಳು ಪ್ಲಾಸ್ಟಿಕ್ ಚೆಂಡು ಇರಲಿ.

ಇನ್ನೊಂದು ಮಾತು. ಸ್ಪರ್ಧೆಯ ಸುತ್ತಿನಲ್ಲಿ ಇಂಥ ತರಬೇತಿ ಸಾಧನಗಳನ್ನು ಬಳಸುವಂತಿಲ್ಲ. ಬಳಸಿದರೆ ಎರಡು ಹೊಡೆತಗಳ ದಂಡ, ಮತ್ತೆ ಬಳಸಿದರೆ ಸ್ಪರ್ಧೆಯಿಂದಲೇ ಹೊರಗೆ. ಹಾಗಾಗಿ ಸಾಧನದೊಂದಿಗೆ ಹತ್ತು ಸಲ ಬೀಸಿದರೆ ಅದಿಲ್ಲದೆ ಹತ್ತು ಸಲ ಬೀಸಬೇಕು. ತೆಗೆದಿಟ್ಟ ಮೇಲೂ ಸ್ವಿಂಗ್ ಸರಿಯಿದ್ದರೆ ಮಾತ್ರ ಅದು ಕೆಲಸ ಮಾಡಿದೆ ಎಂದರ್ಥ.

ಕ್ರಿಕೆಟ್ಟಿನ ಡಾನ್ ಬ್ರಾಡ್ಮನ್ ಬಾಲ್ಯದಲ್ಲಿ ಬೌರಲ್ ಊರಿನ ತಮ್ಮ ಮನೆಯ ನೀರಿನ ತೊಟ್ಟಿಯ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಪುಟಿದು ಬಂದದ್ದನ್ನು ಸ್ಟಂಪಿನಿಂದ ಹೊಡೆಯುತ್ತಿದ್ದರು. ಅವರ ಟೆಸ್ಟ್ ಸರಾಸರಿ 99.94. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೀರನವಾಡಿಯ ತಂದೆ ಸಾವಿರಗಳನ್ನು ಖರ್ಚು ಮಾಡುವುದೇ ಆದರೆ ಮೊದಲು ಒಳ್ಳೆಯ ತರಬೇತುದಾರರಿಗೆ ಮಾಡಲಿ. ಟವೆಲ್ಲಂತೂ ಮನೆಯಲ್ಲೇ ಇದೆ!